ಡ್ಯೂಟಿ ಮುಗಿದ ಮೇಲೆ ಹಾರಿದ ಗುಂಡು ಯಾರ ಲೆಕ್ಕಕ್ಕೆ?

ಡ್ಯೂಟಿ ಮುಗಿಸಿ ಮನೆಗೆ ಹೋದ ಪೊಲೀಸರು ಹಾರಿಸುವ ಗುಂಡಿನ ಬಗ್ಗೆ ಹೋದ ಸಂಚಿಕೆಯಲ್ಲಿ ನಾಲ್ಕು ಸಾಲು ಬರೆದಿದ್ದೆ. ಅಷ್ಟಕ್ಕೇ ಪತ್ರಗಳ ರಾಶಿ ಬಂದು ಬಿದ್ದಿದೆ. ಹಾಗಾಗಿ ಈ ಸಲ ಬಾಡಿಗೆ ಕರಾರು, ವೀಸಾ ಪ್ರಶ್ನೆಗಳಿಗೆಲ್ಲ ಬಿಡುವು. ನಾನು ಇಪ್ಪತ್ತೆರಡು ವರ್ಷದಿಂದ ಶಿಕಾಗೊದಲ್ಲಿ ಪೊಲೀಸರ ಮೇಲಿನ ಕೇಸುಗಳನ್ನೇ ನಡೆಸಿಕೊಂಡು ಬಂದವಳು. ಉತ್ತರಗಳಲ್ಲಿ ಇಲಿನಾಯ್ ರಾಜ್ಯದ ಕಾನೂನೇ ಜಾಸ್ತಿ ಇರುತ್ತದೆ. ಬೇರೆ ರಾಜ್ಯದವರು ಅಲ್ಲಿಯ ವಕೀಲರನ್ನು ಕೇಳದೆ ಹೆಜ್ಜೆ ಇಡಬೇಡಿ.

ಪ್ರಶ್ನೆ: ಮೇಡಂ, ನಮ್ಮ ಬೀದಿಯಲ್ಲೇ ಒಬ್ಬ ಶಿಕಾಗೊ ಪೊಲೀಸ್ ಇದ್ದಾನೆ. ಕಾರು ನಿಲ್ಲಿಸುವ ಜಾಗಕ್ಕೆ ಜಗಳ ಬಂತು. ಅವನು ಮನೆಬಟ್ಟೆಯಲ್ಲಿದ್ದ. ಮಾತಿಗೆ ಮಾತು ಬೆಳೆದು ಸೊಂಟದಿಂದ ಪಿಸ್ತೂಲು ತೆಗೆದು ಹಾರಿಸಿಯೇಬಿಟ್ಟ. ನನ್ನ ಮೈದುನನ ಭುಜಕ್ಕೆ ಗುಂಡು ತಾಗಿತು. ನಗರದ ವಕೀಲರು ‘ಅವನು ಡ್ಯೂಟಿಯಲ್ಲಿ ಇರಲಿಲ್ಲ, ಅದು ಅವನ ಸ್ವಂತ ವಿಷಯ’ ಅನ್ನುತ್ತಾರೆ. ಅವನ ವಕೀಲರು ‘ಪೊಲೀಸ್ ಆಗಿಯೇ ನಡೆದುಕೊಂಡ’ ಅನ್ನುತ್ತಾರೆ. ನಾವು ಯಾರನ್ನು ಹಿಡಿಯಬೇಕು?
— ಹೆಸರು ಬೇಡ, ಶಿಕಾಗೊ

ಉತ್ತರ: ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು ಅಂತಾರಲ್ಲ, ಹಾಗಾಗಿದೆ ನಿಮ್ಮ ಕಥೆ. ಆದರೆ ಇಬ್ಬರೂ ಸುಮ್ನೆ ಎಳೆಯುತ್ತಿಲ್ಲ. ಆ ಪೊಲೀಸ್ ತಮ್ಮ ಕೆಲಸದ ಭಾಗವಾಗಿ ಗುಂಡು ಹಾರಿಸಿದರು ಎಂದಾದರೆ, ಇಲಿನಾಯ್ ಕಾನೂನಿನ ಪ್ರಕಾರ ಪರಿಹಾರದ ಹಣ ನಗರದ ಖಜಾನೆಯಿಂದ ಬರಬೇಕು. ಪಕ್ಕದ ಮನೆಯವರಾಗಿ ಹಾರಿಸಿದರು ಎಂದಾದರೆ ಅದು ಅವರ ಜೇಬಿನಿಂದ ಬರಬೇಕು. ಈಗ ಯಾರು ಯಾಕೆ ಏನು ಹೇಳುತ್ತಿದ್ದಾರೆ ಅಂತ ಅರ್ಥವಾಯಿತಲ್ಲ?

ಅಂದರೆ ಇಡೀ ಕೇಸು ನಿಂತಿರುವುದು ಆ ಕ್ಷಣದಲ್ಲಿ ಅವರ ತಲೆಯ ಮೇಲೆ ಯಾವ ಟೋಪಿ ಇತ್ತು ಅನ್ನುವುದರ ಮೇಲೆ. ಅದನ್ನು ನೀವು ತೋರಿಸಿಕೊಡದಿದ್ದರೆ ಕೊನೆಗೆ ಟೋಪಿ ಹಾಕಿಸಿಕೊಳ್ಳುವವರು ನೀವೇ.

ಫೆಡರಲ್ ಕೋರ್ಟಿಗೆ ಹೋಗುವ ದಾರಿ 1871ರ ಒಂದು ಹಳೆಯ ಕಾನೂನು. ಕು ಕ್ಲಕ್ಸ್ ಕ್ಲಾನ್ ಹಾವಳಿಯ ಕಾಲದಲ್ಲಿ ಮಾಡಿದ್ದು. ಸರ್ಕಾರ ಕೊಟ್ಟ ಅಧಿಕಾರದ ಹೆಸರಿನಲ್ಲಿ ಯಾರಾದರೂ ನಿಮ್ಮ ಹಕ್ಕು ಕಿತ್ತುಕೊಂಡರೆ ಅವರ ಮೇಲೆ ದಾವೆ ಹೂಡಬಹುದು ಎನ್ನುತ್ತದೆ. ಇದಕ್ಕೆ ನಾವು ‘ಕಲರ್ ಆಫ್ ಲಾ’ ಎನ್ನುತ್ತೇವೆ. ಸುಮಾರು ತೊಂಬತ್ತು ವರ್ಷ ಮೂಲೆಯಲ್ಲಿ ಮಲಗಿದ್ದ ಈ ಕಾನೂನಿಗೆ ಜೀವ ಕೊಟ್ಟಿದ್ದು ನಮ್ಮ ಊರಿನದೇ ಕೇಸು. ಹದಿಮೂರು ಶಿಕಾಗೊ ಪೊಲೀಸರು ಬೆಳಗಿನ ಜಾವ ಒಂದು ಮನೆಗೆ ನುಗ್ಗಿದ್ದರು. ಅದರ ಮೇಲೆ 1961ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪೇ ಇವತ್ತಿಗೂ ನಮಗೆ ಆಧಾರ.

ಯೂನಿಫಾರ್ಮ್ ಇತ್ತೋ ಇಲ್ಲವೋ ಎಂಬುದೊಂದೇ ಕೋರ್ಟಿಗೆ ಸಾಕಾಗುವುದಿಲ್ಲ. ಮನೆಬಟ್ಟೆಯಲ್ಲಿದ್ದವರೂ ‘ಪೊಲೀಸ್!’ ಎಂದು ಕೂಗಿರಬಹುದು, ಬ್ಯಾಡ್ಜ್ ತೋರಿಸಿರಬಹುದು, ‘ನೀನು ಅರೆಸ್ಟ್’ ಎಂದಿರಬಹುದು. ಸರ್ವಿಸ್ ಪಿಸ್ತೂಲನ್ನೇ ಬಳಸಿರಬಹುದು. ಇವೆಲ್ಲ ಲೆಕ್ಕಕ್ಕೆ ಬರುತ್ತವೆ. 2019ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಕರೋನಾ ಊರಿನ ಕಾಸ್ಟ್‌ಕೋ ಅಂಗಡಿಯಲ್ಲಿ ಲಾಸ್ ಏಂಜಲೀಸ್ ಪೊಲೀಸ್ ಒಬ್ಬರು, ಡ್ಯೂಟಿಯಲ್ಲಿ ಇಲ್ಲದಾಗ, ಮಗುವನ್ನು ಎತ್ತಿಕೊಂಡು ನಿಂತಿದ್ದರು. ಮಾನಸಿಕ ತೊಂದರೆ ಇದ್ದ 32 ವರ್ಷದ ಯುವಕ ಅವರನ್ನು ಹೊಡೆದ. ಇವರು ಹತ್ತು ಗುಂಡು ಹಾರಿಸಿದರು. ಯುವಕ ಸತ್ತ, ಅವನ ತಂದೆ ತಾಯಿಗೂ ಗುಂಡು ತಾಗಿತು. ಅಂಗಡಿಗೆ ಬಂದ ಗಿರಾಕಿ ಅಷ್ಟೇ, ಅಲ್ವಾ? ಆದರೂ ಅವರು ಪೊಲೀಸ್ ಕೆಲಸದ ವ್ಯಾಪ್ತಿಯಲ್ಲೇ ಇದ್ದರು ಎಂದು 2021ರಲ್ಲಿ ಫೆಡರಲ್ ಜ್ಯೂರಿ ಹೇಳಿತು. 1.7 ಕೋಟಿ ಡಾಲರ್ ಪರಿಹಾರದ ಭಾರ ನಗರದ ಮೇಲೂ ಬಿತ್ತು.

ನನ್ನದೇ ಒಂದು ಕೇಸು ಹೇಳುತ್ತೇನೆ. ಊರಿನ ಹೆಸರು ಬೇಡ, ಒಂದು ಉಪನಗರ. ಡೆಪೊಸಿಷನ್ ನಡೀತಿತ್ತು, ಅಂದರೆ ವಿಚಾರಣೆಗೆ ಮುಂಚೆ ಕೋರ್ಟಿನ ಹೊರಗೆ ಪ್ರಮಾಣ ಮಾಡಿಸಿ ಪ್ರಶ್ನೆ ಕೇಳುವುದು. ಉದ್ದನೆಯ ಮೇಜು, ಒಂದು ಕಡೆ ಗುಂಡು ಹಾರಿಸಿದ್ದ ಅಧಿಕಾರಿ ಮತ್ತು ಯೂನಿಯನ್ ಕಳಿಸಿದ ವಕೀಲ, ತುದಿಯಲ್ಲಿ ನಗರದ ವಕೀಲೆ. ‘ಪಿಸ್ತೂಲು ತೆಗೆಯುವಾಗ ಏನಾದರೂ ಹೇಳಿದಿರಾ?’ ಅಂತ ಕೇಳಿದೆ. ‘ಪೊಲೀಸ್ ಅಂದೆ’ ಅಂದರು. ನಗರದ ವಕೀಲೆಯ ಪೆನ್ನು ಅಲ್ಲೇ ನಿಂತುಹೋಯಿತು. ‘ಹತ್ತು ನಿಮಿಷ ಬಿಡುವು ಬೇಕು’ ಅಂದರು. ಬಿಡುವು ಮುಗಿಸಿ ಬಂದು ಅದೇ ಪ್ರಶ್ನೆ ಕೇಳಿದೆ. ‘ಸರಿಯಾಗಿ ನೆನಪಿಲ್ಲ’ ಅಂದರು ಅಧಿಕಾರಿ. ಹತ್ತು ನಿಮಿಷದಲ್ಲಿ ಒಂದು ಶಬ್ದ ಮಾಯ!

ಆ ಶಬ್ದ ನಮಗೆ ಮತ್ತೆ ಸಿಕ್ಕಿದ್ದು ಎಲ್ಲಿ ಗೊತ್ತಾ? ಆಮೇಲೆ ಸ್ಥಳಕ್ಕೆ ಬಂದ ಪೊಲೀಸರ ಎದೆಯ ಕ್ಯಾಮರಾದಲ್ಲಿ. ಗುಂಡು ಹಾರಿಸಿದವರು ಕೈ ಮೇಲೆತ್ತಿ ‘ಆನ್ ದ ಜಾಬ್, ಆನ್ ದ ಜಾಬ್’ ಅನ್ನುತ್ತಿದ್ದರು. ಅದು ಪೊಲೀಸರ ಒಳಮಾತು. ‘ನಾನೂ ನಿಮ್ಮವನೇ’ ಎಂದರ್ಥ. ಅವರನ್ನು ಜೀಪಿನ ಬಾನೆಟ್ ಮೇಲೆ ಕೂರಿಸಿ ನೀರು ಕೊಟ್ಟರು. ನನ್ನ ಕಕ್ಷಿದಾರ ನೆಲದ ಮೇಲೇ ಇದ್ದ.

ಆದ್ದರಿಂದ ನಿಮಗೆ ನನ್ನ ಮಾತು ಇಷ್ಟೇ. ಯಾರನ್ನು ಹಿಡಿಯಬೇಕು ಅಂತ ಈಗಲೇ ತೀರ್ಮಾನಿಸಬೇಡಿ, ಇಬ್ಬರನ್ನೂ ಹಿಡಿಯಿರಿ. ಆ ಪೊಲೀಸ್ ಆಡಿದ ಒಂದೊಂದು ಮಾತನ್ನೂ, ಕೇಳಿಸಿಕೊಂಡವರು ಇವತ್ತೇ ಬರೆದಿಡಲಿ. 911 ಕರೆಯ ಧ್ವನಿ, ಬಂದ ಪೊಲೀಸರ ಕ್ಯಾಮರಾ ದೃಶ್ಯ, ಎದುರು ಮನೆಯ ಬಾಗಿಲ ಕ್ಯಾಮರಾ, ಯಾವುದನ್ನೂ ಅಳಿಸಬಾರದು ಎಂದು ನಿಮ್ಮ ವಕೀಲರಿಂದ ಪತ್ರ ಹೋಗಲಿ. ಬಾಗಿಲ ಕ್ಯಾಮರಾದ ದೃಶ್ಯ ಕೆಲವು ವಾರಗಳಲ್ಲೇ ತಾನಾಗಿ ಅಳಿಸಿಹೋಗಬಹುದು. ಮೈದುನನ ಅಂಗಿಯನ್ನು ದಯವಿಟ್ಟು ಒಗೆಯಬೇಡಿ. ಒಂದು ಕಾಗದದ ಚೀಲದಲ್ಲಿ ಹಾಕಿಡಿ. ಪ್ಲಾಸ್ಟಿಕ್ ಬೇಡ, ರಕ್ತದ ಕಲೆ ಬೂಸ್ಟು ಹಿಡಿಯುತ್ತದೆ.

ಪ್ರಶ್ನೆ: ಪೊಲೀಸರ ಮೇಲೆ ಪೊಲೀಸರಿಗೇ ದೂರು ಕೊಡೋದಾ? ಕಳ್ಳನ ಕೈಗೆ ಬೀಗದ ಕೈ ಕೊಟ್ಟಂತೆ ಆಗೋದಿಲ್ವಾ?
— ಓದುಗ, ಓಕ್ ಪಾರ್ಕ್

ಉತ್ತರ: ಶಿಕಾಗೊ ಪೊಲೀಸರ ಮಟ್ಟಿಗೆ ಹೇಳುವುದಾದರೆ, ಇಲಾಖೆಯ ಹೊರಗೆ ಒಂದು ಕಚೇರಿ ಇದೆ. ಅದರ ಹೆಸರು ಕೋಪಾ. 2017ರಿಂದ ಕೆಲಸ ಮಾಡುತ್ತಿದೆ. ಶಿಕಾಗೊ ಪೊಲೀಸ್ ಒಬ್ಬರು ಜನರ ಮೇಲೆ ಗುಂಡು ಹಾರಿಸಿದರೆ, ಡ್ಯೂಟಿಯಲ್ಲಿ ಇರಲಿ ಇಲ್ಲದಿರಲಿ, ತನಿಖೆ ಮಾಡುವುದು ಅವರೇ. ಆದರೆ ಕೋಪಾ ಶಿಫಾರಸು ಮಾತ್ರ ಮಾಡಬಲ್ಲದು. ಕೆಲಸದಿಂದ ತೆಗೆಯುವ ವಿಷಯ ಪೊಲೀಸ್ ಬೋರ್ಡಿಗೆ ಹೋಗುತ್ತದೆ. ಜೈಲಿನ ವಿಷಯ ಕುಕ್ ಕೌಂಟಿಯ ಸರ್ಕಾರಿ ವಕೀಲರ ಕೈಯಲ್ಲಿ. ಇವು ಬೇರೆ ಬೇರೆ ಬಾಗಿಲು. ಒಂದನ್ನು ತಟ್ಟಿದರೆ ಇನ್ನೊಂದು ತೆರೆಯುವುದಿಲ್ಲ.

ಇನ್ನೂ ಒಂದು ಸಿಕ್ಕು ಇದೆ. ಇಲಾಖೆ ‘ಹೇಳು, ಹೇಳದಿದ್ದರೆ ಕೆಲಸ ಹೋಗುತ್ತೆ’ ಎಂದು ಅಧಿಕಾರಿಯ ಬಾಯಿ ಬಿಡಿಸಿದರೆ, ಆ ಹೇಳಿಕೆಯನ್ನು ಕ್ರಿಮಿನಲ್ ಕೇಸಿನಲ್ಲಿ ಅವರ ವಿರುದ್ಧ ಬಳಸುವಂತಿಲ್ಲ. 1967ರ ಸುಪ್ರೀಂ ಕೋರ್ಟ್ ತೀರ್ಪು ಅದು. ತನಿಖೆಯಲ್ಲಿ ಒಪ್ಪಿಕೊಂಡರಂತೆ, ಮತ್ಯಾಕೆ ಜೈಲಿಗೆ ಹಾಕಲಿಲ್ಲ ಅಂತ ಎಷ್ಟೋ ಮನೆಯವರು ನನ್ನನ್ನು ಕೇಳಿದ್ದಾರೆ. ಇದೇ ಕಾರಣ ಇದ್ದೀತು.

ಅಂದಹಾಗೆ, ಗುಂಡು ಹಾರಿಸಿ ಯಾರನ್ನಾದರೂ ಗಾಯಗೊಳಿಸಿದ ಪೊಲೀಸರಿಗೆ ಮದ್ಯ ಮತ್ತು ಮಾದಕ ಪದಾರ್ಥದ ಪರೀಕ್ಷೆ ಆಗಬೇಕೆಂದು ಇಲಿನಾಯ್‌ನಲ್ಲಿ 2017ರಲ್ಲಿ ಕಾನೂನು ಬಂತು. ಕುಣಿದಾಡುವಷ್ಟು ಖುಷಿಯಾಗಿತ್ತು ನನಗೆ. ಆಮೇಲೆ ಪೂರ್ತಿ ಓದಿದೆ. ‘ಕರ್ತವ್ಯ ಮಾಡುವಾಗ’ ಎಂದು ಬರೆದಿದ್ದಾರೆ. ಬಾರ್‌ನಿಂದ ಮನೆಗೆ ಹೋಗುತ್ತಿದ್ದವರ ವಕೀಲ ಏನು ವಾದ ಮಾಡುತ್ತಾನೆ ಅಂತ ನೀವೇ ಊಹಿಸಿ. ಮತ್ತೆ ಅದೇ ಟೋಪಿ.

ಪ್ರಶ್ನೆ: ನಾನು ಕಾನೂನು ಓದುತ್ತಿದ್ದೇನೆ. ಶಿಕಾಗೊ ನಗರದ ಮೇಲೆ ಬಂದ 4.47 ಕೋಟಿ ಡಾಲರ್‌ನ ತೀರ್ಪು ಮೇಲ್ಮನವಿಯಲ್ಲಿ ಬಿದ್ದುಹೋಯಿತಂತೆ. ಜ್ಯೂರಿ ಒಪ್ಪಿದ್ದನ್ನು ಮೂವರು ನ್ಯಾಯಾಧೀಶರು ಹೇಗೆ ಅಳಿಸಿದರು?
— ವಿದ್ಯಾರ್ಥಿ, ಅರ್ಬಾನಾ

ಉತ್ತರ: ಅದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ. ಓದುಗರಿಗಾಗಿ ಕಥೆ ಹೇಳಿಬಿಡುತ್ತೇನೆ. 2010ರ ಜನವರಿ. ಒಬ್ಬ ಪೊಲೀಸ್, ಅವರ ಬಾಲ್ಯದ ಗೆಳೆಯ, ಇಬ್ಬರೂ ರಾತ್ರಿ ಕುಡಿದು ಪೊಲೀಸ್ ಮನೆಗೆ ಬಂದರು. ಅಲ್ಲಿ ಪೊಲೀಸರ ಸರ್ವಿಸ್ ಪಿಸ್ತೂಲಿನಿಂದ ಹಾರಿದ ಗುಂಡು ಗೆಳೆಯನ ತಲೆಯ ಹಿಂಭಾಗಕ್ಕೆ ಹೊಕ್ಕಿತು. ‘ಗೆಳೆಯ ಆತ್ಮಹತ್ಯೆಗೆ ಯತ್ನಿಸಿದ’ ಎಂದು ಪೊಲೀಸ್ 911ಕ್ಕೆ ಹೇಳಿದರು. ಗೆಳೆಯ ಬದುಕಿದ, ಆದರೆ ಮೆದುಳಿಗೆ ಆದ ಪೆಟ್ಟು ಸರಿಹೋಗಲಿಲ್ಲ. 2017ರಲ್ಲಿ ಫೆಡರಲ್ ಜ್ಯೂರಿ ಆತ್ಮಹತ್ಯೆಯ ಕಥೆಯನ್ನು ನಂಬಲಿಲ್ಲ. ತಪ್ಪು ಮಾಡುವ ಪೊಲೀಸರನ್ನು ಮೊದಲೇ ಗುರುತಿಸಿ ತಡೆಯುವ ವ್ಯವಸ್ಥೆ ನಗರದಲ್ಲಿ ಇರಲಿಲ್ಲ, ಅದರಿಂದಲೇ ಹೀಗಾಯಿತು ಎಂದಿತು.

2021ರ ಫೆಬ್ರವರಿಯಲ್ಲಿ ಏಳನೇ ಸರ್ಕಿಟ್ ಮೇಲ್ಮನವಿ ಕೋರ್ಟ್ ಅದನ್ನು ರದ್ದು ಮಾಡಿತು. ಅವರ ತರ್ಕ ಇದು: ಸಂವಿಧಾನ ಸರ್ಕಾರದ ಕೈ ಕಟ್ಟುತ್ತದೆ, ಖಾಸಗಿ ವ್ಯಕ್ತಿಯ ಕೈಯನ್ನಲ್ಲ. ಆ ರಾತ್ರಿ ಆ ಪೊಲೀಸ್ ಯಾರನ್ನೂ ಹಿಡಿಯಲು ಹೋಗಿರಲಿಲ್ಲ, ತಮ್ಮ ಮನೆಯಲ್ಲಿದ್ದ ಒಬ್ಬ ಗೆಳೆಯ ಅಷ್ಟೇ. ಖಾಸಗಿ ಹಿಂಸೆಯಿಂದ ಕಾಪಾಡುವ ಸಂವಿಧಾನದ ಬಾಧ್ಯತೆ ನಗರಕ್ಕಿಲ್ಲ. ಇದಕ್ಕೆ ಅವರು ಹಿಡಿದುಕೊಂಡ ಊರುಗೋಲು 1989ರ ಡಿಶೇನಿ ತೀರ್ಪು. ವಿಸ್ಕಾನ್ಸಿನ್‌ನಲ್ಲಿ ತಂದೆಯೇ ಹೊಡೆಯುತ್ತಿದ್ದ ಮಗುವನ್ನು, ಗೊತ್ತಿದ್ದೂ ಅಧಿಕಾರಿಗಳು ಬಿಡಿಸಲಿಲ್ಲ ಎಂಬ ಕೇಸು.

ತರ್ಕ ತಪ್ಪಿಲ್ಲ, ನಾನು ಒಪ್ಪುತ್ತೇನೆ. ಆದರೆ ಒಂದು ಮಾತು. ಆ ತಂದೆಯ ಕೈಗೆ ಪಿಸ್ತೂಲಿನ ಅಭ್ಯಾಸ ಮಾಡಿಸಿ, ಸೊಂಟಕ್ಕೆ ಕಟ್ಟಿಸಿ, ಮೇಲೆ ಬಂದ ದೂರುಗಳನ್ನೆಲ್ಲ ಪಕ್ಕಕ್ಕಿಟ್ಟವರು ವಿಸ್ಕಾನ್ಸಿನ್ ಸರ್ಕಾರದವರಲ್ಲ. ಇಲ್ಲಿ ಅದನ್ನೆಲ್ಲ ಮಾಡಿದ್ದು ಶಿಕಾಗೊ ನಗರವೇ. ಈ ವ್ಯತ್ಯಾಸ ನನಗೆ ದೊಡ್ಡದಾಗಿ ಕಾಣುತ್ತದೆ. ಕೋರ್ಟಿಗೆ ಕಾಣಲಿಲ್ಲ. ನೀವು ಪರೀಕ್ಷೆಯಲ್ಲಿ ಕೋರ್ಟಿನ ಉತ್ತರ ಬರೆಯಿರಿ, ಅಂಕ ಅದಕ್ಕೇ.

ಹಾಗಂತ ನಗರದ ಮೇಲೆ ಗೆದ್ದವರೇ ಇಲ್ಲ ಅಂದುಕೊಳ್ಳಬೇಡಿ. 2007ರಲ್ಲಿ ಡ್ಯೂಟಿಯಲ್ಲಿ ಇಲ್ಲದ ಶಿಕಾಗೊ ಪೊಲೀಸ್ ಒಬ್ಬರು ಬಾರ್‌ನಲ್ಲಿ ಕೆಲಸ ಮಾಡುವ ಹೆಣ್ಣುಮಗಳನ್ನು ನೆಲಕ್ಕೆ ಕೆಡವಿ ಹೊಡೆದಿದ್ದರು. ಗುಂಡಿನ ಕೇಸಲ್ಲ, ಆದರೆ ಪಾಠ ಅದೇ. ಒಬ್ಬರ ತಪ್ಪನ್ನು ಇನ್ನೊಬ್ಬರು ಮುಚ್ಚುವ ‘ಮೌನದ ಕಟ್ಟುಪಾಡು’ ಇಲಾಖೆಯಲ್ಲಿದೆ ಎಂದು 2012ರಲ್ಲಿ ಜ್ಯೂರಿ ಒಪ್ಪಿ 8.5 ಲಕ್ಷ ಡಾಲರ್ ಕೊಡಿಸಿತು. ಹಣ ಕೊಡುತ್ತೇವೆ, ತೀರ್ಪನ್ನು ಮಾತ್ರ ಅಳಿಸಿಬಿಡಿ ಎಂದು ನಗರದವರು ಆಮೇಲೆ ಕೋರ್ಟನ್ನು ಕೇಳಿದರು. ನ್ಯಾಯಾಧೀಶೆ ಒಪ್ಪಲಿಲ್ಲ.

ಪ್ರಶ್ನೆ: ಶಿಕಾಗೊದ ಒಬ್ಬ ಡಿಟೆಕ್ಟಿವ್ ಹೆಣ್ಣುಮಗಳನ್ನು ಗುಂಡಿಕ್ಕಿ ಕೊಂದರೂ, ‘ಬೇಕಂತಲೇ ಹಾರಿಸಿದ್ದು’ ಅನ್ನೋ ಕಾರಣಕ್ಕೆ ಜಡ್ಜ್ ಬಿಟ್ಟುಬಿಟ್ಟರಂತೆ. ಇದು ನಿಜವಾ? ನನಗೆ ನಂಬಿಕೆಯೇ ಬರ್ತಿಲ್ಲ.
— ನಿವೃತ್ತ ಶಿಕ್ಷಕಿ, ನೇಪರ್‌ವಿಲ್

ಉತ್ತರ: ನಿಜ ಟೀಚರ್. 2012ರ ಮಾರ್ಚ್, ಡಗ್ಲಸ್ ಪಾರ್ಕ್ ಹತ್ತಿರ, ನಡುರಾತ್ರಿ ದಾಟಿದ ಮೇಲೆ. ಗಲಾಟೆ ಜಾಸ್ತಿಯಾಯಿತೆಂದು ಡ್ಯೂಟಿಯಲ್ಲಿ ಇಲ್ಲದ ಡಿಟೆಕ್ಟಿವ್ ಕಾರಿನಲ್ಲಿ ಕೂತೇ ನಾಲ್ವರ ಜೊತೆ ಮಾತಿಗಿಳಿದರು. ಆಮೇಲೆ ಕಾರಿನೊಳಗಿಂದಲೇ, ಹೆಗಲ ಮೇಲಿಂದ ಹಿಂದಕ್ಕೆ ಐದು ಗುಂಡು ಹಾರಿಸಿದರು. ಬೆನ್ನು ಮಾಡಿದ್ದ 22 ವರ್ಷದ ಯುವತಿಯ ತಲೆಗೆ ಒಂದು ಬಿತ್ತು. ಇನ್ನೊಬ್ಬನ ಕೈಯಲ್ಲಿ ಬಂದೂಕು ಕಂಡೆ ಎಂದರು. ಸಿಕ್ಕಿದ್ದು ಫೋನ್.

ಸರ್ಕಾರಿ ವಕೀಲರು ಕೊಲೆ ಆರೋಪ ಹಾಕಲಿಲ್ಲ. ಅಜಾಗರೂಕತೆಯಿಂದ ಸಾವಿಗೆ ಕಾರಣರಾದರು ಎಂದು ಹಾಕಿದರು. ಬಹುಶಃ ಕೊಲೆ ಎಂದು ರುಜುವಾತು ಮಾಡುವುದು ಕಷ್ಟ, ಸಣ್ಣದಾದರೆ ಗೆಲ್ಲಬಹುದು ಎಂಬ ಲೆಕ್ಕ. 2015ರ ಏಪ್ರಿಲ್‌ನಲ್ಲಿ ನ್ಯಾಯಾಧೀಶ ಡೆನ್ನಿಸ್ ಪೋರ್ಟರ್ ವಿಚಾರಣೆಯ ಮಧ್ಯದಲ್ಲೇ ಕೇಸು ಮುಗಿಸಿದರು. ಜನರ ಕಡೆ ಗುರಿಯಿಟ್ಟು ಹಾರಿಸುವುದು ಅಜಾಗರೂಕತೆಯಲ್ಲ, ಬೇಕೆಂದೇ ಮಾಡಿದ್ದು, ಅಪರಾಧವಾಗಿದ್ದರೆ ಅದು ಕೊಲೆ, ಆದರೆ ಆ ಆರೋಪವನ್ನು ಇಲ್ಲಿ ಹಾಕಿಲ್ಲ ಎಂಬುದು ಅವರ ತೀರ್ಪಿನ ಸಾರ. ಒಮ್ಮೆ ಖುಲಾಸೆಯಾದವರನ್ನು ಅದೇ ಸಾವಿಗೆ ರಾಜ್ಯ ಮತ್ತೆ ಕಟಕಟೆಗೆ ತರುವಂತಿಲ್ಲ. ಅಲ್ಲಿಗೆ ಮುಗಿಯಿತು.

ಜನ ಜಡ್ಜ್‌ಗೆ ಬೈದರು. ನನ್ನ ಸಿಟ್ಟು ಆರೋಪಪಟ್ಟಿ ಬರೆದವರ ಮೇಲೆ. ಎರಡೂ ಆರೋಪ ಹಾಕಿ, ಯಾವುದು ನಿಲ್ಲುತ್ತದೋ ನಿಲ್ಲಲಿ ಅನ್ನಬಹುದಿತ್ತು. ಬೀದಿಯ ಹುಡುಗರ ಮೇಲೆ ಕೇಸು ಹಾಕುವಾಗ ಹಾಗೆಯೇ ಮಾಡುತ್ತಾರಲ್ಲ! ನಗರ ಮನೆಯವರಿಗೆ ಮೊದಲೇ, 2013ರಲ್ಲಿ, 45 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತ್ತು. ಇನ್ನು ಡಿಟೆಕ್ಟಿವ್. ಕೆಲಸದಿಂದ ತೆಗೆಯುವ ವಿಚಾರಣೆ 2016ರ ಮೇ ತಿಂಗಳಲ್ಲಿ ಶುರುವಾಗಬೇಕಿತ್ತು. ಎರಡು ದಿನ ಮುಂಚೆ ರಾಜೀನಾಮೆ ಕೊಟ್ಟರು.

ಪ್ರಶ್ನೆ: ಡಾಲಸ್‌ನಲ್ಲಿ ಬೇರೆಯವರ ಮನೆಯನ್ನು ತನ್ನ ಮನೆ ಅಂದುಕೊಂಡು ಗುಂಡು ಹಾರಿಸಿದ ಪೊಲೀಸ್ ಹೆಣ್ಣುಮಗಳಿಗೆ ಶಿಕ್ಷೆ ಆಯಿತಲ್ಲ. ಅಲ್ಲಿ ನ್ಯಾಯ ಸಿಕ್ಕಿತು ಅನ್ನಬಹುದಾ?
— ಓದುಗ, ಪ್ಲೇನೋ

ಉತ್ತರ: ಅರ್ಧ. 2018ರ ಸೆಪ್ಟೆಂಬರ್‌ನಲ್ಲಿ ನಡೆದದ್ದು. ಪಾಳಿ ಮುಗಿಸಿ ಇನ್ನೂ ಯೂನಿಫಾರ್ಮ್‌ನಲ್ಲೇ ಇದ್ದರು. ಮೂರನೇ ಮಹಡಿಯ ಬದಲು ನಾಲ್ಕನೇ ಮಹಡಿಗೆ ಹೋಗಿ, ತನ್ನ ಪಾಡಿಗೆ ತನ್ನ ಮನೆಯಲ್ಲೇ ಕೂತಿದ್ದ ಯುವಕನನ್ನು ಕೊಂದರು. 2019ರಲ್ಲಿ ಕೊಲೆ ಎಂದೇ ತೀರ್ಪಾಗಿ ಹತ್ತು ವರ್ಷ ಜೈಲಾಯಿತು. ನೋಡಿ, ಯೂನಿಫಾರ್ಮ್ ಇದ್ದರೂ ಟೋಪಿ ಪಕ್ಕದ ಮನೆಯವರದೇ. ಪರಿಹಾರದ ಕೇಸಿನಿಂದ ನಗರವನ್ನು ಕೋರ್ಟ್ ಮೊದಲೇ ಕೈಬಿಟ್ಟಿತ್ತು. 2024ರಲ್ಲಿ ಜ್ಯೂರಿ ಆಕೆಯೊಬ್ಬರ ಮೇಲೆ 9.8 ಕೋಟಿ ಡಾಲರ್‌ಗೂ ಮಿಕ್ಕಿ ಹೊರಿಸಿತು. ಜೈಲಿನಲ್ಲಿರುವವರು ಎಲ್ಲಿಂದ ತರುತ್ತಾರೆ? ಕಾಗದದ ಮೇಲಿನ ಹಣ.

ಪ್ರಶ್ನೆ: ನನ್ನ ಗಂಡ ಪೊಲೀಸ್. ನೀವು ಬರೆಯೋದು ಓದಿದರೆ ಎಲ್ಲರೂ ಕೊಲೆಗಾರರು ಅನ್ನೋ ಹಾಗಿರುತ್ತೆ. ಅಂಗಡಿಗೆ ಹೋದಾಗ ಎದುರಿಗೇ ದರೋಡೆ ನಡೆದರೆ ಅವರು ಕೈಕಟ್ಟಿ ನಿಲ್ಲಬೇಕಾ? ಸುಮ್ಮನಿದ್ದರೂ ಬೈತೀರಿ, ಮುಂದೆ ಹೋದರೂ ಕೇಸು ಹಾಕ್ತೀರಿ.
— ಹೆಸರು ಬೇಡ

ಉತ್ತರ: ನಿಮ್ಮ ಸಿಟ್ಟು ನ್ಯಾಯವೇ. ನನ್ನ ಮೇಜಿಗೆ ಬರುವುದು ಕೆಟ್ಟುಹೋದ ಕೇಸುಗಳು ಮಾತ್ರ. ಡ್ಯೂಟಿ ಇಲ್ಲದಾಗಲೂ ಯಾರದೋ ಜೀವ ಉಳಿಸಿದವರು ವಕೀಲರ ಕಚೇರಿಗೆ ಬರುವುದಿಲ್ಲ.

ಆದರೆ ನಿಮ್ಮ ಯಜಮಾನರ ದೃಷ್ಟಿಯಿಂದಲೇ ನೋಡಿ. ಅಂಗಡಿಯಲ್ಲಿ ಅವರ ಹತ್ತಿರ ರೇಡಿಯೋ ಇಲ್ಲ, ಎದೆಗವಚ ಇಲ್ಲ, ಜೊತೆಗಾರ ಇಲ್ಲ. ಓಡಿಬರುವ ಪೊಲೀಸರಿಗೆ ಅವರು ಪಿಸ್ತೂಲು ಹಿಡಿದ ಅಪರಿಚಿತ. 2009ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ 25 ವರ್ಷದ ಪೊಲೀಸ್ ಒಬ್ಬರು ಡ್ಯೂಟಿ ಮುಗಿಸಿ ಹೊರಟಿದ್ದರು. ತಮ್ಮ ಕಾರಿಗೆ ಕೈಹಾಕಿದವನನ್ನು ಪಿಸ್ತೂಲು ಹಿಡಿದು ಅಟ್ಟಿಸಿಕೊಂಡು ಹೋದರು. ಅವರನ್ನು ಕೊಂದಿದ್ದು ಕಳ್ಳನಲ್ಲ, ಅವರದೇ ಇಲಾಖೆಯ ಗುಂಡು. ಜೀವಕ್ಕೆ ಅಪಾಯ ಇಲ್ಲದಿದ್ದರೆ 911ಕ್ಕೆ ಕರೆ ಮಾಡು, ಮುಖ ನೋಡಿಕೋ, ಒಳ್ಳೆಯ ಸಾಕ್ಷಿಯಾಗು ಎಂದು ತರಬೇತಿಯಲ್ಲಿ ಹೇಳುವುದು ಸುಮ್ನೆ ಅಲ್ಲ. ಯಾರದಾದರೂ ಜೀವವೇ ಹೋಗುವಂತಿದ್ದರೆ ಮಾತು ಬೇರೆ. ಆಗ ಅವರು ಮುಂದೆ ಹೋಗಲಿ. ನಾನೇ ಅವರ ಪರ ಸಾಕ್ಷಿ ಹೇಳುತ್ತೇನೆ.

ಒಂದು ವಿಷಯದಲ್ಲಿ ಮಾತ್ರ ನಾನು ಬಗ್ಗುವುದಿಲ್ಲ. ಪೊಲೀಸರು ದೇಶದ ಯಾವ ರಾಜ್ಯದಲ್ಲಾದರೂ ಪಿಸ್ತೂಲು ಮರೆಯಲ್ಲಿಟ್ಟುಕೊಂಡು ಓಡಾಡಬಹುದು ಎಂದ 2004ರ ಫೆಡರಲ್ ಕಾನೂನೇ, ಕುಡಿದ ಅಮಲಿನಲ್ಲಿ ಇರುವಾಗ ಆ ಅವಕಾಶ ಇಲ್ಲ ಎನ್ನುತ್ತದೆ. ಪಾರ್ಟಿಗೆ ಹೋಗುವ ದಿನ ಪಿಸ್ತೂಲನ್ನು ಮನೆಯ ಲಾಕರ್‌ನಲ್ಲಿ ಇಡಿಸಿ. ಹೆಂಡತಿ ಹೇಳಿದರೆ ಕೇಳುತ್ತಾರೆ.

ಪ್ರಶ್ನೆ: ಹೋದ ಬೇಸಿಗೆಯಲ್ಲಿ ನನ್ನ ಗೆಳೆಯನಿಗೆ ಡ್ಯೂಟಿಯಲ್ಲಿ ಇಲ್ಲದ ಪೊಲೀಸರಿಂದ ಗುಂಡೇಟು ಬಿತ್ತು. ಇನ್ನೂ ಆಸ್ಪತ್ರೆಗೆ ಓಡಾಡ್ತಿದ್ದಾನೆ. ಕೋಪಾ ತನಿಖೆ ನಡೀತಿದೆ. ಅದು ಮುಗಿದು, ಅವನೂ ಪೂರ್ತಿ ಹುಷಾರಾದ ಮೇಲೆ ಕೇಸು ಹಾಕೋಣ ಅಂತಿದ್ದೇವೆ. ಅವಸರ ಏನಿಲ್ಲ ಅಲ್ವಾ?
— ಓದುಗ, ಶಿಕಾಗೊ

ಉತ್ತರ: ಇದೆ. ನಗರದ ಮೇಲೆ, ಅಥವಾ ನಗರದ ನೌಕರ ಎಂದು ಆ ಅಧಿಕಾರಿಯ ಮೇಲೆ, ಇಲಿನಾಯ್ ಕಾನೂನಿನಲ್ಲಿ ಪರಿಹಾರದ ದಾವೆ ಹಾಕಲು ಒಂದೇ ವರ್ಷ. 1871ರ ಕಾನೂನಿನಲ್ಲಿ ಫೆಡರಲ್ ಕೋರ್ಟಿಗೆ ಹೋಗಲು ಎರಡು ವರ್ಷ. ಖಾಸಗಿ ವ್ಯಕ್ತಿ ಎಂದು ಅವರ ಮೇಲೆ ಹಾಕುವುದಾದರೆ ಅದಕ್ಕೂ ಎರಡು. ಟೋಪಿ ಯಾವುದು ಎಂದು ಕೋರ್ಟ್ ಹೇಳುವ ಹೊತ್ತಿಗೆ ಚಿಕ್ಕ ಗಡುವು ಎಂದೋ ದಾಟಿರುತ್ತದೆ. ಹಾಗಾಗಿ ಚಿಕ್ಕದನ್ನೇ ಗಡುವು ಅಂದುಕೊಳ್ಳಿ. ಕೋಪಾ ತನಿಖೆ ನಡೆಯುತ್ತಿದೆ ಎಂದು ಈ ಗಡಿಯಾರ ನಿಲ್ಲುವುದಿಲ್ಲ.

‘ಹೋದ ಬೇಸಿಗೆ’ ಎಂದಷ್ಟೇ ಬರೆದಿದ್ದೀರಿ. ಜೂನೋ ಆಗಸ್ಟೋ? ಪತ್ರಿಕೆ ಕೆಳಗಿಟ್ಟು, ಆಸ್ಪತ್ರೆಯ ಮೊದಲ ಚೀಟಿ ಹುಡುಕಿ ತಾರೀಕು ನೋಡಿ.